ಕರೆಂಟು ವಾಪಸ್ ಹೋಗುವ ದಾರಿ

ಮುಂದೆ ಕಪ್ಪು ತಗಡು, ಅದರ ಮೇಲೆ ವಾಲ್ಯೂಮ್, ಬಾಸ್, ಟ್ರೆಬಲ್, ಬ್ಯಾಲೆನ್ಸ್ ಎಂದು ಬರೆದ ನಾಲ್ಕು ತಿರುಪು, ಒಂದು ಕೆಂಪು ದೀಪ, ಸುತ್ತ ಸನ್‌ಮೈಕಾ ಅಂಟಿಸಿದ ಪ್ಲೈವುಡ್ ಪೆಟ್ಟಿಗೆ. ಇಂಥದ್ದೊಂದು ಆಂಪ್ಲಿಫೈಯರ್ ಅಟ್ಟದ ಮೇಲೋ ಮಂಚದ ಕೆಳಗೋ ಉಳಿದಿರುವ ಮನೆಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ. 1980-90ರ ದಶಕಗಳಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದ ಮನೆಮಗನೋ ಊರಿನ ರೇಡಿಯೊ ರಿಪೇರಿಯವರೋ ಕೂರಿಸಿಕೊಟ್ಟದ್ದು. ಅಂಗಡಿಯ ಭಾಷೆಯಲ್ಲಿ ‘ಅಸೆಂಬಲ್ ಸೆಟ್’. ಮುಚ್ಚಳ ತೆಗೆದರೆ ಹೆಚ್ಚುಕಮ್ಮಿ ಒಂದೇ ದೃಶ್ಯ: 12-0-12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಎರಡು 2200 ಮೈಕ್ರೊಫ್ಯಾರಡ್ ಕಂಡೆನ್ಸರ್, ಅಲ್ಯೂಮಿನಿಯಂ ಪಟ್ಟಿಗೆ ಬಿಗಿದ ಎರಡು ಟಿಡಿಎ 2030 ಐಸಿ, ನಡುವೆ ಬಣ್ಣಬಣ್ಣದ ವೈರುಗಳ ಗೋಜಲು.

ಹಾಕಿದರೆ ಹಾಡುತ್ತದೆ. ಆದರೆ ಹಾಡಿಗೆ ಮುಂಚೆಯೇ ‘ಗುಂಯ್’ ಎನ್ನುತ್ತದೆ. ವಾಲ್ಯೂಮ್ ಅರ್ಧ ದಾಟಿದರೆ ತಬಲಾದ ಡಗ್ಗಾ ಬಿದ್ದಾಗಲೆಲ್ಲ ‘ಕರ್ರ್’ ಎನ್ನುತ್ತದೆ. ಇದನ್ನು ಸರಿಮಾಡಿಸೋಣ ಎಂದು ಹೊರಟವರ ಮನಸ್ಸು ಮೊದಲು ಓಡುವುದು ದೊಡ್ಡ ಐಸಿಯ ಕಡೆಗೆ, ಹೆಚ್ಚು ವ್ಯಾಟಿನ ಕಡೆಗೆ. ಬೆಂಗಳೂರಿನ ಸಾದರ ಪಟ್ರಪ್ಪ ರಸ್ತೆಯ, ಅಂದರೆ ಎಲ್ಲರ ಎಸ್.ಪಿ. ರೋಡಿನ, ಅಂಗಡಿಯಲ್ಲಿ ಐಸಿ ಕೇಳಿದರೆ ಬರುವ ಮರುಪ್ರಶ್ನೆಯೂ ಅದೇ ದಾರಿಯದು: ‘ಒರಿಜಿನಲ್ ಬೇಕಾ ಸಾರ್, ಲೋಕಲ್ ಸಾಕಾ?’

ಇಂಥ ಸೆಟ್ಟುಗಳನ್ನು ಬಿಚ್ಚಿ ಕಟ್ಟುವ ಹವ್ಯಾಸವಿರುವ ನನ್ನ ಮಾತು ಇಷ್ಟು. ಒರಿಜಿನಲ್ಲೋ ಲೋಕಲ್ಲೋ ಅನ್ನುವ ಪ್ರಶ್ನೆ ಮೂರನೆಯದು. ಕರೆಂಟು ಎಲ್ಲಿಂದ ಬರುತ್ತದೆ ಅನ್ನುವುದು ಮೊದಲನೆಯದು. ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ ಅನ್ನುವುದು ಎರಡನೆಯದು. ಮನೆಯಲ್ಲಿ ಕಟ್ಟಿದ ಸೆಟ್ಟಿನ ಸದ್ದು ಸುಧಾರಿಸುವುದು ಬಹುಪಾಲು ಈ ಎರಡರಿಂದಲೇ, ಮತ್ತು ಈ ಎರಡಕ್ಕೂ ತಗಲುವ ಖರ್ಚು ಕಡಿಮೆ.

ಗುಂಯ್ ಎಂಬುದರಲ್ಲಿ ಎರಡು ಜಾತಿ

ಬೆಸುಗೆ ಕಡ್ಡಿ ಬಿಸಿಯಾಗುವ ಮೊದಲು ಕಿವಿ ಕೆಲಸ ಮಾಡಬೇಕು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅಲೆಯುತ್ತದೆ. ಡಯೋಡುಗಳ ಬ್ರಿಡ್ಜ್ ದಾಟಿದ ಮೇಲೆ ಅದರ ಏರಿಳಿತ ಸೆಕೆಂಡಿಗೆ 100 ಸಲ. ಸಂಗೀತ ಬಲ್ಲವರಿಗೆ ಇದನ್ನು ಹೇಳುವುದು ಸುಲಭ: ಎರಡೂ ಒಂದೇ ಸ್ವರ, ಒಂದು ಮಾತ್ರ ಒಂದು ಸ್ಥಾಯಿ ಮೇಲೆ. ತಗ್ಗಿನಲ್ಲಿ ನುಣ್ಣಗೆ ‘ಊಂ’ ಎಂದರೆ ಅದು 50ರದು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಇನ್‌ಪುಟ್ ವೈರಿಗೆ ತಾಕುತ್ತಿದೆ, ಇಲ್ಲವೇ ಟಿ.ವಿ., ಕಂಪ್ಯೂಟರ್, ಕೇಬಲ್ ಸೇರಿ ಹೊರಗೆಲ್ಲೋ ಒಂದು ಅರ್ಥಿಂಗ್ ಸುತ್ತು ಬಿದ್ದಿದೆ. ಒರಟಾಗಿ, ದುಂಬಿ ಡಬ್ಬದೊಳಗೆ ಸಿಕ್ಕಿಕೊಂಡಂತೆ ‘ಝರ್ರ್’ ಎಂದರೆ ಅದು 100ರದು. ಪವರ್ ಸಪ್ಲೈಯ ಕೊಳೆ ಒಳಗೇ ಸೋರುತ್ತಿದೆ.

ಮುಂದಿನ ಪರೀಕ್ಷೆ ವಾಲ್ಯೂಮ್ ತಿರುಪಿನದು. ಪೂರ್ತಿ ಇಳಿಸಿದಾಗ ಸದ್ದು ಮಾಯವಾದರೆ ತೊಂದರೆ ಇರುವುದು ತಿರುಪಿಗೆ ಮೊದಲು, ಅಂದರೆ ಇನ್‌ಪುಟ್ ಕಡೆ. ಇಳಿಸಿದರೂ ಹಾಗೇ ಉಳಿದರೆ ತಿರುಪಿನ ನಂತರದ ಭಾಗದಲ್ಲಿ. ಹೊರಗಿನ ವೈರನ್ನೆಲ್ಲ ಕಿತ್ತು, ಇನ್‌ಪುಟ್ ಸಾಕೆಟ್ಟಿನ ಎರಡು ತುದಿಗಳನ್ನು ಸೇರಿಸಿದಾಗಲೂ ಗುಂಯ್ ಇದ್ದರೆ ಟಿ.ವಿ.ಯನ್ನೋ ಮೊಬೈಲನ್ನೋ ಬೈದು ಪ್ರಯೋಜನವಿಲ್ಲ. ಈ ಪರೀಕ್ಷೆಗಳಿಗೆ ಕಾಸು ಖರ್ಚಿಲ್ಲ. ಇವನ್ನು ಮಾಡದೆ ಭಾಗ ಬದಲಿಸಲು ಹೊರಟವರು ಮಾತ್ರ ಎಸ್.ಪಿ. ರೋಡಿಗೆ ಮತ್ತೆ ಮತ್ತೆ ಹೋಗಿಬರುತ್ತಾರೆ.

ಹಾಡುವುದು ಪವರ್ ಸಪ್ಲೈ

ಸ್ಪೀಕರಿಗೆ ಹೋಗುವ ಶಕ್ತಿ ಮೊಬೈಲಿನಿಂದಲೋ ಸಿ.ಡಿ. ಪ್ಲೇಯರಿನಿಂದಲೋ ಬಂದದ್ದಲ್ಲ. ಗೋಡೆಯ ಸಾಕೆಟ್ಟಿನ ಕರೆಂಟನ್ನೇ ಆಂಪ್ಲಿಫೈಯರ್ ಸಂಗೀತದ ಆಕಾರಕ್ಕೆ ಕೊರೆದು ಸ್ಪೀಕರಿಗೆ ಕೊಡುತ್ತದೆ. ಹಾಗಾಗಿ ಕಂಡೆನ್ಸರಿನಲ್ಲಿ ಏನು ತುಂಬಿದೆಯೋ ಅದೇ ಕೊನೆಗೆ ಕೇಳುವುದು.

ಲೆಕ್ಕ ಸರಳ. ಬ್ರಿಡ್ಜ್ ಸೆಕೆಂಡಿನ ನೂರನೇ ಒಂದು ಭಾಗಕ್ಕೊಮ್ಮೆ ಕಂಡೆನ್ಸರನ್ನು ತುಂಬುತ್ತದೆ. ನಡುವಿನ ಹೊತ್ತಿನಲ್ಲಿ ಐಸಿಗೆ ಕರೆಂಟು ಬರುವುದು ಆ ಕಂಡೆನ್ಸರಿನ ಸಂಗ್ರಹದಿಂದ. ಐಸಿ ಒಂದು ಆಂಪಿಯರ್ ಎಳೆದರೆ 2200 ಮೈಕ್ರೊಫ್ಯಾರಡ್ ಕಂಡೆನ್ಸರಿನ ವೋಲ್ಟೇಜ್ ಅಷ್ಟರೊಳಗೆ ಸುಮಾರು ನಾಲ್ಕೂವರೆ ವೋಲ್ಟ್ ಕುಸಿಯುತ್ತದೆ. 12-0-12 ಟ್ರಾನ್ಸ್‌ಫಾರ್ಮರಿನಿಂದ ಸಿಗುವುದೇ ಆ ಕಡೆ 16, ಈ ಕಡೆ 16 ವೋಲ್ಟ್. ಅದರಲ್ಲಿ ನಾಲ್ಕೂವರೆ ಹೋದರೆ ಡಗ್ಗಾದ ಪೆಟ್ಟಿಗೆ ತಲೆಯೆತ್ತಲು ಜಾಗವೆಲ್ಲಿ? ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಆ ಚಪ್ಪಟೆಯ ಮೇಲೆ 100ರ ಏರಿಳಿತ ಗೀರು ಎಳೆಯುತ್ತದೆ. ‘ಕರ್ರ್’ ಎಂದು ಕೇಳುವುದು ಅದು. ಸ್ಪೀಕರ್ ಹರಿದಿದೆ ಎಂದು ಬದಲಿಸಿದವರೂ ಇದ್ದಾರೆ.

ಒಂದೊಂದು ಕಡೆಗೂ 10,000 ಮೈಕ್ರೊಫ್ಯಾರಡ್ ಹಾಕಿದರೆ ಅದೇ ಕುಸಿತ ಒಂದು ವೋಲ್ಟಿಗೆ ಇಳಿಯುತ್ತದೆ. ಹಾಗಾದರೆ 47,000 ಹಾಕಿದರೆ ಸ್ವರ್ಗವೇ? ಅಲ್ಲ. ಕಂಡೆನ್ಸರ್ ದೊಡ್ಡದಾದಷ್ಟೂ ಅದು ತುಂಬಿಕೊಳ್ಳುವ ಗಳಿಗೆ ಕಿರಿದಾಗುತ್ತದೆ, ಆ ಗಳಿಗೆಯಲ್ಲಿ ಡಯೋಡಿನ ಮೂಲಕ ನುಗ್ಗುವ ಕರೆಂಟು ಹೆಚ್ಚುತ್ತದೆ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ, ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಮನೆಯ ಸೆಟ್ಟಿಗೆ 6,800ರಿಂದ 10,000 ಹದವಾದ ಅಳತೆ. ಹಳೆಯ ಕಂಡೆನ್ಸರ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ನಂಬುವಂತಿಲ್ಲ. ಮೂವತ್ತು ವರ್ಷದಲ್ಲಿ ಒಳಗಿನ ದ್ರವ ಒಣಗಿರುತ್ತದೆ. ತಲೆ ಉಬ್ಬಿದ್ದರಂತೂ ಯೋಚನೆ ಮಾಡುವ ಅಗತ್ಯವೇ ಇಲ್ಲ.

ಈ ಹಂತದಲ್ಲೇ ಟ್ರಾನ್ಸ್‌ಫಾರ್ಮರನ್ನು ಬಿಗಿದ ನಟ್ಟು ಸಡಿಲಿಸಿ, ಕೈಗೆ ಕರೆಂಟು ತಾಕದಂತೆ ತುದಿಗಳನ್ನೆಲ್ಲ ಸ್ಲೀವ್ ಹಾಕಿ ಮುಚ್ಚಿ, ಅದನ್ನು ನಿಧಾನಕ್ಕೆ ತಿರುಗಿಸಿ ನೋಡುವುದು ಒಳ್ಳೆಯದು. ಒಂದು ಕೋನದಲ್ಲಿ 50ರ ಊಂಕಾರ ಎದ್ದು ಕಾಣುವಷ್ಟು ತಗ್ಗುತ್ತದೆ. ಅಲ್ಲೇ ಬಿಗಿದುಬಿಡಬೇಕು. ಪೆಟ್ಟಿಗೆಯಲ್ಲಿ ಜಾಗವಿದ್ದರೆ ಇನ್‌ಪುಟ್ಟಿನಿಂದ ಆದಷ್ಟು ದೂರಕ್ಕೆ ಸರಿಸಬೇಕು. ಉಂಗುರದಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಈ ತಲೆನೋವು ಕಡಿಮೆ, ಬೆಲೆ ಹೆಚ್ಚು.

ಹತ್ತು ಸೆಂಟಿಮೀಟರ್ ವೈರಿನ ಕಥೆ

ಈಚೆಗೆ ಪರಿಚಯದ ಹಿರಿಯರೊಬ್ಬರು ತಾವೇ ಕಟ್ಟಿದ ಸೆಟ್ಟನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಬೆಸುಗೆ ಅಚ್ಚುಕಟ್ಟು, ಬೋರ್ಡು ಫೆರಿಕ್ ಕ್ಲೋರೈಡಿನಲ್ಲಿ ಕೈಯಾರೆ ಕರಗಿಸಿ ಮಾಡಿದ್ದು, ಕೆಲಸದಲ್ಲಿ ಹೆಸರಿಡುವಂತಿರಲಿಲ್ಲ. ಆದರೂ ಝರ್ರ್ ಸದ್ದು. ವೈರುಗಳನ್ನು ಒಂದೊಂದಾಗಿ ಹಿಡಿದು ಹೋದಾಗ ಸ್ಪೀಕರಿನಿಂದ ಮರಳಿ ಬರುವ ಕಪ್ಪು ವೈರು ವಾಲ್ಯೂಮ್ ತಿರುಪಿನ ಲೋಹದ ಬೆನ್ನಿಗೆ ಬೆಸೆದುಕೊಂಡಿತ್ತು. ಇನ್‌ಪುಟ್ ಷೀಲ್ಡ್ ವೈರಿನ ಜಾಲರಿಯೂ ಅಲ್ಲಿಗೇ ಬಂದಿತ್ತು. ಅಲ್ಲಿಂದ ಒಂದೇ ಒಂದು ಹಸಿರು ವೈರು ಟ್ರಾನ್ಸ್‌ಫಾರ್ಮರಿನ ನಡುತುದಿಗೆ. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಗ್ರೌಂಡ್, ಎಲ್ಲವೂ ಸರಿ. ನಕ್ಷೆಯ ಗೆರೆಗೆ ರೋಧವಿಲ್ಲ, ತಾಮ್ರದ ವೈರಿಗೆ ಇದೆ. ತಪ್ಪು ಅಡಗಿದ್ದದ್ದು ಅಲ್ಲಿ.

ಒಂದು ಚದರ ಮಿಲಿಮೀಟರ್ ದಪ್ಪದ, 10 ಸೆಂಟಿಮೀಟರ್ ಉದ್ದದ ತಾಮ್ರದ ವೈರಿನ ರೋಧ 1.7 ಮಿಲಿಓಮ್. ಏನೂ ಅಲ್ಲ ಅನ್ನಿಸುವ ಅಳತೆ. ಆದರೆ ಕಂಡೆನ್ಸರ್ ತುಂಬುವಾಗ ಆ ದಾರಿಯಲ್ಲಿ ಒಂದು ಗಳಿಗೆ 10 ಆಂಪಿಯರ್ ನುಗ್ಗಿತು ಎನ್ನಿ; ಆ ತುಂಡಿನ ಎರಡು ತುದಿಗಳ ನಡುವೆ 17 ಮಿಲಿವೋಲ್ಟ್ ಏಳುತ್ತದೆ. ಐಸಿ ತನ್ನ ಇನ್‌ಪುಟ್ಟನ್ನು 20 ಪಟ್ಟು ಹಿಗ್ಗಿಸುವಂತೆ ಕಟ್ಟಿದ್ದರೆ ಸ್ಪೀಕರಿನಲ್ಲಿ ಅದು ಸುಮಾರು ಮೂರನೇ ಒಂದು ವೋಲ್ಟ್. ಹಾಡಿಲ್ಲದಾಗ ಕರೆಂಟು ಇದರ ಹತ್ತನೇ ಒಂದು ಭಾಗ ಇರಬಹುದು. ಆಗಲೂ ರಾತ್ರಿಯ ಹೊತ್ತು ಕೋಣೆಯ ಆ ಮೂಲೆಗೆ ಕೇಳಿಸುತ್ತದೆ. ಬಚ್ಚಲ ನೀರು ಹೋಗುವ ಕಾಲುವೆಯಿಂದಲೇ ಕುಡಿಯುವ ನೀರಿನ ಕೊಡ ತುಂಬಿಕೊಂಡ ಹಾಗೆ.

ಮದ್ದು ಏನೆಂದರೆ, ಹೊಲಸು ಕರೆಂಟಿಗೂ ಸೂಕ್ಷ್ಮ ಸಿಗ್ನಲ್ಲಿಗೂ ಬೇರೆ ಬೇರೆ ದಾರಿ. ಟ್ರಾನ್ಸ್‌ಫಾರ್ಮರಿನ ನಡುತುದಿ ದಪ್ಪ ವೈರಿನಲ್ಲಿ ನೇರ ಎರಡು ದೊಡ್ಡ ಕಂಡೆನ್ಸರುಗಳು ಸೇರುವ ಜಾಗಕ್ಕೆ ಹೋಗಬೇಕು. ಆ ಜಾಗದಿಂದ ತುಸು ಈಚೆಗೆ ಒಂದು ಬಿಂದು ಮಾಡಿಕೊಂಡು, ಸ್ಪೀಕರಿನ ವಾಪಸ್ ವೈರು ಅಲ್ಲಿಗೆ, ಇನ್‌ಪುಟ್ಟಿನ ಗ್ರೌಂಡು ಬೇರೆ ವೈರಿನಲ್ಲಿ ಅಲ್ಲಿಗೇ, ಐಸಿಯ ಹಿಮ್ಮರಳು (ಫೀಡ್‌ಬ್ಯಾಕ್) ಸಿಗ್ನಲಿನ ಗ್ರೌಂಡು ಇನ್‌ಪುಟ್ಟಿನ ಜೊತೆ. ಒಂದೇ ಬಿಂದುವಿನಿಂದ ಕವಲೊಡೆಯುವ ಇದನ್ನು ಕಟ್ಟುವವರು ‘ಸ್ಟಾರ್ ಗ್ರೌಂಡ್’ ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರಿನಿಂದ ಬ್ರಿಡ್ಜಿಗೆ ಹೋಗುವ ವೈರುಗಳನ್ನು ಹುರಿಹೊಸೆದು ಹಾಕಿದರೆ ಅವುಗಳ ಕಾಂತಕ್ಷೇತ್ರ ಪರಸ್ಪರ ಅಳಿಸಿಹೋಗುತ್ತದೆ.

ಆ ಸೆಟ್ಟಿನಲ್ಲಿ ಕಪ್ಪು ವೈರನ್ನು ಕಿತ್ತು ಕಂಡೆನ್ಸರಿನ ಕಡೆ ಬೆಸೆದು, ನಡುತುದಿಯ ದಾರಿ ಬದಲಿಸಿದ್ದಷ್ಟೇ. ಸ್ವಿಚ್ ಹಾಕಿದಾಗ ಹಿರಿಯರು ಸ್ಪೀಕರಿಗೆ ಕಿವಿಯಿಟ್ಟು, ‘ಆನ್ ಆಗಿದೆಯೇನ್ರಿ?’ ಎಂದರು. ಆಮೇಲೆ, ‘ಇಷ್ಟಕ್ಕೇ ಇಷ್ಟು ವರ್ಷ ಸಹಿಸ್ಕೊಂಡ್ವಾ?’ ಎಂದು ನಕ್ಕರು. ಒಂದು ಭಾಗವನ್ನೂ ಬದಲಿಸಿರಲಿಲ್ಲ.

ಈಗ ಐಸಿಯ ಸರದಿ

ಸಪ್ಲೈ, ಗ್ರೌಂಡು ಎರಡೂ ನೆಟ್ಟಗಾದ ಮೇಲೆ ಟಿಡಿಎ 2030 ಸಹ ಚೆನ್ನಾಗಿಯೇ ಹಾಡುತ್ತದೆ. 8 ಓಮ್ ಸ್ಪೀಕರಿಗೆ ಸುಮಾರು 9 ವ್ಯಾಟ್. ಸಾಮಾನ್ಯ ಹಾಲಿಗೆ ಸಾಕು. ಅದರ ಒಂದು ದೌರ್ಬಲ್ಯ ಗೊತ್ತಿರಬೇಕು: ಅದು ತಡೆಯುವ ಗರಿಷ್ಠ ವೋಲ್ಟೇಜ್ ಆ ಕಡೆ 18, ಈ ಕಡೆ 18. ಹೊರೆಯಿಲ್ಲದ ಸಣ್ಣ ಟ್ರಾನ್ಸ್‌ಫಾರ್ಮರ್ ಬರೆದದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ರಾತ್ರಿ ಹೊತ್ತು ಮನೆಯ ವೋಲ್ಟೇಜ್ 250ಕ್ಕೆ ಏರಿತೆಂದರೆ ಆ ಗಡಿ ದಾಟಿಯೇ ಹೋಗುತ್ತದೆ. ‘ಐಸಿ ಸುಮ್ಮಸುಮ್ಮನೆ ಸುಟ್ಟುಹೋಗುತ್ತೆ’ ಎಂಬ ದೂರಿನ ಹಿಂದೆ ಇರುವುದು ಹಲವು ಸಲ ಇದೇ.

ಬದಲಿಸುವುದೇ ಆದರೆ ಹವ್ಯಾಸಿಗಳ ನೆಚ್ಚಿನದು ಎಲ್‌ಎಂ 3886. ನ್ಯಾಷನಲ್ ಸೆಮಿಕಂಡಕ್ಟರ್ ತಂದದ್ದು, 2011ರಲ್ಲಿ ಆ ಕಂಪನಿಯನ್ನು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು. 18-0-18ರ ಟ್ರಾನ್ಸ್‌ಫಾರ್ಮರ್ ಕೊಟ್ಟರೆ 8 ಓಮಿಗೆ 25 ವ್ಯಾಟಿನ ಆಸುಪಾಸು ನಿರಾಯಾಸ. ವ್ಯಾಟ್ ಮೂರು ಪಟ್ಟಾದ್ದರಿಂದ ಸದ್ದೂ ಮೂರು ಪಟ್ಟು ಎಂದುಕೊಂಡರೆ ನಿರಾಸೆ ಖಂಡಿತ. ಹೆಚ್ಚುವುದು 5 ಡೆಸಿಬೆಲ್ ಕೂಡ ಇಲ್ಲ. ಕಿವಿಗೆ ‘ಎರಡರಷ್ಟು’ ಅನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಟೇಪ್ ರೆಕಾರ್ಡರುಗಳ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂದು ಅಚ್ಚು ಹಾಕಿದ ಕಾಲದಲ್ಲಿ ಬೆಳೆದ ನಮಗೆ ಇದು ಒಪ್ಪುವುದು ಕಷ್ಟ.

ಲಾಭವಿರುವುದು ಅವಕಾಶದಲ್ಲಿ. ಮೃದಂಗದ ತೊಪ್ಪಿಗೆ ಬಿದ್ದ ಪೆಟ್ಟು ಒಂದು ಗಳಿಗೆಗೆ ಸರಾಸರಿಯ ಹತ್ತು ಪಟ್ಟು ಶಕ್ತಿ ಕೇಳಬಹುದು. ಆಗ ಅಲೆಯ ನೆತ್ತಿ ಕತ್ತರಿಸಿಹೋಗದಿದ್ದರೆ ಸದ್ದು ದೊಡ್ಡದಾಗಿ ಕೇಳದೆ ಬಿಚ್ಚಿಕೊಂಡಂತೆ ಕೇಳುತ್ತದೆ.

ಐಸಿ ಕೂರಿಸುವಾಗ ಮರೆಯಬಾರದ ಸಂಗತಿಗಳಿವೆ. ಇದರ ಬೆನ್ನಿನ ಲೋಹಕ್ಕೂ ಮೈನಸ್ ಸಪ್ಲೈಗೂ ಸಂಬಂಧವಿದೆ, ಆದ್ದರಿಂದ ಹೀಟ್‌ಸಿಂಕಿನ ನಡುವೆ ಅಭ್ರಕದ ಹಾಳೆ, ಪೇಸ್ಟು, ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಬೇಕೇ ಬೇಕು. ಈ ವೋಲ್ಟೇಜಿನಲ್ಲಿ ಒಂದೊಂದು ಐಸಿಯೂ ಜೋರಾಗಿ ಹಾಡುವಾಗ 18 ವ್ಯಾಟಿನವರೆಗೆ ಶಾಖ ಉಗುಳುತ್ತದೆ. ಎರಡು ಸೇರಿದರೆ ನಮ್ಮ 25 ವ್ಯಾಟಿನ ಬೆಸುಗೆ ಕಡ್ಡಿಗಿಂತ ಹೆಚ್ಚು; ಹಳೆಯ ಅಲ್ಯೂಮಿನಿಯಂ ಪಟ್ಟಿ ಅದಕ್ಕೆ ಸಾಲದು. ಐಸಿಯ ಸಪ್ಲೈ ಕಾಲುಗಳ ಬುಡದಲ್ಲೇ 0.1 ಮೈಕ್ರೊಫ್ಯಾರಡಿನ ಸಣ್ಣ ಕಂಡೆನ್ಸರುಗಳಿರಬೇಕು. ಔಟ್‌ಪುಟ್ಟಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್, ಒಂದು ಕಂಡೆನ್ಸರ್ ಸರಣಿಯಲ್ಲಿರಬೇಕು. ಅಗ್ಗದ ರೆಡಿ ಬೋರ್ಡುಗಳಲ್ಲಿ ಉಳಿತಾಯಕ್ಕೆ ಮೊದಲು ಬಲಿಯಾಗುವುದು ಈ ಜೋಡಿ. ಅದಿಲ್ಲದಿದ್ದರೆ ಐಸಿ ಕಿವಿಗೆ ಕೇಳದ ಎತ್ತರದಲ್ಲಿ ತಾನಾಗಿ ಕಂಪಿಸತೊಡಗುತ್ತದೆ. ಹಾಡಿಲ್ಲದೆಯೂ ಐಸಿ ಸುಡುತ್ತಿದ್ದರೆ ಅನುಮಾನ ಅಲ್ಲಿಗೆ ಹೋಗಬೇಕು.

ಈ ಕಂಪನಕ್ಕೆ ಕಾರಣ ಹಿಮ್ಮರಳು ಸಿಗ್ನಲ್. ಅದೇ ಈ ಇಡೀ ವಿದ್ಯೆಯ ಬೆನ್ನೆಲುಬು ಕೂಡ. ಔಟ್‌ಪುಟ್ಟಿನ ಒಂದು ಅಂಶವನ್ನು ತಲೆಕೆಳಗಾಗಿಸಿ ಇನ್‌ಪುಟ್ಟಿಗೆ ಮರಳಿಸಿದರೆ ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದು ಬೆಲ್ ಲ್ಯಾಬ್ಸಿನ ಹೆರಾಲ್ಡ್ ಬ್ಲ್ಯಾಕ್‌ಗೆ ಹೊಳೆದದ್ದು 1927ರ ಆಗಸ್ಟ್ 2ರಂದು, ಕೆಲಸಕ್ಕೆ ಹೋಗಲು ಹಡ್ಸನ್ ನದಿ ದಾಟುತ್ತಿದ್ದ ದೋಣಿಯಲ್ಲಿ. ಕೈಯಲ್ಲಿದ್ದ ‘ನ್ಯೂಯಾರ್ಕ್ ಟೈಮ್ಸ್’ ಹಾಳೆಯ ಮೇಲೇ ನಕ್ಷೆ ಬರೆದುಕೊಂಡ. ಅದೇ ತತ್ವವನ್ನು ಮನೆಯ ಮೇಜಿಗೆ ತಂದದ್ದು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆ. 1947ರಲ್ಲಿ ವಿಲಿಯಮ್ಸನ್ ಬರೆದ ವಾಲ್ವ್ ಆಂಪ್ಲಿಫೈಯರ್, 1969ರಲ್ಲಿ ಲಿನ್ಸ್ಲಿ ಹುಡ್ ಕೊಟ್ಟ ನಾಲ್ಕೇ ಟ್ರಾನ್ಸಿಸ್ಟರಿನ, 10 ವ್ಯಾಟಿನ ನಕ್ಷೆ ಎರಡನ್ನೂ ಜಗತ್ತಿನಾದ್ಯಂತ ಹವ್ಯಾಸಿಗಳು ಇವತ್ತಿಗೂ ಕಟ್ಟುತ್ತಾರೆ. ಬೆಂಗಳೂರಿಗೂ ಈ ಗಾಳಿ ಹೊಸದಲ್ಲ. 1954ರಲ್ಲಿ ಶುರುವಾದ ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ ಮರುವರ್ಷ ಜರ್ಮೇನಿಯಂ ಬಿಡಿಭಾಗಗಳನ್ನೂ ತಯಾರಿಸತೊಡಗಿತು.

ಬಾಸ್-ಟ್ರೆಬಲ್ ಬೋರ್ಡು

ಬಾಸ್, ಟ್ರೆಬಲ್ ತಿರುಪುಗಳ ಸರ್ಕ್ಯೂಟ್ ಬಹುತೇಕ ಎಲ್ಲ ಸೆಟ್ಟುಗಳಲ್ಲೂ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ಪ್ರಕಟಿಸಿದ್ದರ ಮರಿಮಗು. ತೊಂದರೆ ಅದರದಲ್ಲ, ಅದರ ಮುಂದೆ ಕೂತ ಹೆಚ್ಚುವರಿ ಹಿಗ್ಗಿಸುವಿಕೆಯದು. ಹಳೆಯ ಟೇಪಿನ ಕ್ಷೀಣ ಸಿಗ್ನಲಿಗೆ ಅದು ಬೇಕಿತ್ತು. ಸಿ.ಡಿ. ಪ್ಲೇಯರ್ ಕೊಡುವುದೇ 2 ವೋಲ್ಟ್. 25 ವೋಲ್ಟ್ ಸಪ್ಲೈಯ ಸೆಟ್ಟಿಗೆ ಅದನ್ನು ಏಳು ಪಟ್ಟು ಹಿಗ್ಗಿಸಿದರೆ ಸಾಕು. ಎಲ್‌ಎಂ 3886 ಒಂದೇ 21 ಪಟ್ಟು ಹಿಗ್ಗಿಸುತ್ತದೆ. ಅದರ ಮೇಲೆ ಟೋನ್ ಬೋರ್ಡು ಇನ್ನೂ ಐದು ಪಟ್ಟು ಸೇರಿಸಿದರೆ ತಿರುಪು ಒಂಬತ್ತು ಗಂಟೆಯ ಜಾಗ ದಾಟುವಂತಿಲ್ಲ, ಸುಯ್ ಸದ್ದು ಮಾತ್ರ ಪೂರ್ತಿ. ಆ ಹಂತವನ್ನು ತೆಗೆದರೆ, ಇಲ್ಲವೇ ರೆಸಿಸ್ಟರ್ ಬದಲಿಸಿ ಒಂದು ಪಟ್ಟಿಗೆ ಇಳಿಸಿದರೆ, ಹಿನ್ನೆಲೆ ಶುದ್ಧವಾಗುತ್ತದೆ.

ಅಲ್ಲಿರುವ 4558 ಐಸಿಯ ಜಾಗಕ್ಕೆ 5532 ಕಾಲಿಗೆ ಕಾಲು ಹೊಂದಿ ಕೂರುತ್ತದೆ, ಸುಯ್ ಇನ್ನಷ್ಟು ತಗ್ಗುತ್ತದೆ. ಆದರೆ ಇದು ಹಳೆಯದರ ಎರಡು ಪಟ್ಟಿಗೂ ಹೆಚ್ಚು ಕರೆಂಟು ಕುಡಿಯುತ್ತದೆ. ರೆಸಿಸ್ಟರ್, ಜೀನರಿನಿಂದ ಇಳಿಸಿಕೊಟ್ಟ ಸಪ್ಲೈ ಅಲ್ಲೇ ಕುಸಿಯಬಹುದು. ಇನ್‌ಪುಟ್ಟಿನ ಕಂಡೆನ್ಸರನ್ನೂ ನೋಡಬೇಕು. 22 ಕಿಲೋಓಮಿನ ಮುಂದೆ 0.1 ಮೈಕ್ರೊಫ್ಯಾರಡ್ ಇದ್ದರೆ 72 ಹರ್ಟ್ಸ್‌ನಿಂದ ಕೆಳಗಿನ ಬಾಸ್ ಸೋರಿಹೋಗುತ್ತದೆ. ಒಂದು ಮೈಕ್ರೊಫ್ಯಾರಡ್ ಹಾಕಿದರೆ ಆ ಗಡಿ 7ಕ್ಕೆ ಇಳಿಯುತ್ತದೆ. ‘ಬಾಸೇ ಇಲ್ಲ’ ಎಂದು ವೂಫರ್ ತರುವ ಮೊದಲು ಈ ಪುಟ್ಟ ಬಿಡಿಭಾಗದ ಮೇಲೆ ಬರೆದದ್ದನ್ನು ಓದಬೇಕು. ಚಿನ್ನದ ಲೇಪದ ಪ್ಲಗ್ಗು, ಸಾವಿರಾರು ರೂಪಾಯಿಯ ವೈರು ಇವಕ್ಕೆ ಹಣ ಹಾಕುವುದಿದ್ದರೆ ಅದನ್ನು ಟ್ರಾನ್ಸ್‌ಫಾರ್ಮರಿಗೆ ಹಾಕಿ.

ಜೀವದ ಪ್ರಶ್ನೆ

ಟ್ರಾನ್ಸ್‌ಫಾರ್ಮರಿನ ಒಂದು ಬದಿಯಲ್ಲಿ ಇರುವುದು 230 ವೋಲ್ಟ್, ಅದಕ್ಕೆ ಹವ್ಯಾಸಿ ಬೇರೆ ಅಲ್ಲ, ಇಂಜಿನಿಯರ್ ಬೇರೆ ಅಲ್ಲ. ಗುಂಯ್ ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ವೈರನ್ನು ಕತ್ತರಿಸುವುದು ನಮ್ಮಲ್ಲಿ ಚಾಲ್ತಿಯಲ್ಲಿರುವ ಕೆಟ್ಟ ಚಾಳಿ. ಮುಂಭಾಗದ ತಗಡಿಗೆ ಅರ್ಥ್ ಇರಲೇಬೇಕು. ಸುತ್ತು ಮುರಿಯಬೇಕಿದ್ದರೆ ಸಿಗ್ನಲ್ ಗ್ರೌಂಡಿಗೂ ಆ ತಗಡಿಗೂ ನಡುವೆ 10 ಓಮ್ ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ ಎದುರುಬದುರು ಎರಡು ದಪ್ಪ ಡಯೋಡ್ ಹಾಕುವ ಸುರಕ್ಷಿತ ದಾರಿಯಿದೆ.

ಹೊಸದಾಗಿ ಕಟ್ಟಿದ್ದನ್ನು ಮೊದಲ ಸಲ ಹಾಕುವಾಗ ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡನ್ನು ಬಳಸಬೇಕು. ಅದರಲ್ಲಿ ಹಾಕಿದ 60 ವ್ಯಾಟಿನ ಹಳೆಯ ತಂತಿಯ ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ, ಬೆಳಗುತ್ತಲೇ ಉಳಿದರೆ ಎಲ್ಲೋ ಶಾರ್ಟ್. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಹಳೆಯ ಬಲ್ಬು ಸಿಕ್ಕರೆ ಒಂದೆರಡು ಎತ್ತಿಡಿ. ಸ್ಪೀಕರ್ ಸೇರಿಸುವ ಮುಂಚೆ ಔಟ್‌ಪುಟ್ಟಿನ ಡಿ.ಸಿ. ವೋಲ್ಟೇಜ್ ಅಳೆಯಬೇಕು. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ವೋಲ್ಟುಗಟ್ಟಲೆ ಇದ್ದರೆ ಸ್ಪೀಕರಿನ ಕಾಯಿಲ್ ಸುಡಲು ಹೆಚ್ಚು ಹೊತ್ತು ಬೇಡ.

ಕಿವಿ ಮೋಸ ಹೋಗುವ ಬಗೆ

ಕೈಯಾರೆ ಮಾಡಿದ್ದು ಚೆನ್ನಾಗಿಯೇ ಕೇಳುತ್ತದೆ. ಅದರಲ್ಲೂ ತುಸು ಜೋರಾಗಿದ್ದದ್ದು ‘ಸ್ಪಷ್ಟ’ ಅನ್ನಿಸುತ್ತದೆ. ಹಳೆಯದಕ್ಕೂ ಹೊಸದಕ್ಕೂ ಹೋಲಿಸುವಾಗ ಎರಡರ ಸದ್ದೂ ಸಮನಾಗಿರಬೇಕು. 200 ಹರ್ಟ್ಸ್‌ನ ಒಂದು ಟೋನ್ ಹಾಕಿ, ಸ್ಪೀಕರಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು, ಎರಡನ್ನೂ ಒಂದೇ ವೋಲ್ಟೇಜಿಗೆ ತಂದು ಆಮೇಲೆ ಹಾಡು ಕೇಳಬೇಕು. ಸ್ವಿಚ್ ಬದಲಿಸುವ ಕೆಲಸ ಮನೆಯ ಇನ್ನೊಬ್ಬರದು, ಯಾವುದು ಯಾವುದೆಂದು ಅವರು ಹೇಳಕೂಡದು. ಒಂದು ಸಲಕ್ಕೆ ಒಂದೇ ಬದಲಾವಣೆ. ತಂಬೂರಿಯ ನಾದ ಇದಕ್ಕೆ ಒಳ್ಳೆಯ ಪರೀಕ್ಷೆ: ಗುಂಯ್ ಇದ್ದರೆ ಶ್ರುತಿಗೆ ಸೇರದ ಇನ್ನೊಂದು ಸ್ವರ ಅದರ ಹಿಂದೆ ಹತ್ತಿಕೊಂಡಿರುತ್ತದೆ. ಈ ಪರೀಕ್ಷೆಯಲ್ಲಿ ಸಪ್ಲೈ ಮತ್ತು ಗ್ರೌಂಡಿನ ಕೆಲಸ ಎಲ್ಲರಿಗೂ ಕೇಳುತ್ತದೆ. ದುಬಾರಿ ಕಂಡೆನ್ಸರು, ವೈರುಗಳ ವ್ಯತ್ಯಾಸ ಹೇಳಲು ಬಹುತೇಕರು ತಡವರಿಸುತ್ತಾರೆ. ಅಲ್ಲಿಗೆ ಆಂಪ್ಲಿಫೈಯರಿನ ಕೆಲಸ ಮುಗಿಯಿತು. ಇನ್ನು ಸುಧಾರಿಸಬೇಕಾದ್ದು ಸ್ಪೀಕರ್ ಮತ್ತು ಕೋಣೆ.

ಇಷ್ಟೆಲ್ಲ ಯಾಕೆ, ಟಿಪಿಎ 3116 ಐಸಿಯ ಅಂಗೈಯಗಲದ ಡಿಜಿಟಲ್ ಬೋರ್ಡು ಕೆಲವೇ ನೂರು ರೂಪಾಯಿಗೆ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜ, ಬಿಸಿಯಾಗದು, ವ್ಯಾಟೂ ಹೆಚ್ಚು, ಸದ್ದೂ ಕೆಟ್ಟದ್ದಲ್ಲ. ಅವಸರವಿದ್ದವರು ಅದನ್ನೇ ತರಲಿ. ಕೆಟ್ಟರೆ ಮಾತ್ರ ಎಸೆಯಬೇಕು. ಅಕ್ಕಿಕಾಳಿಗಿಂತ ಸಣ್ಣ ಭಾಗಗಳ ನಡುವೆ ಮೀಟರಿನ ಮೊನೆ ಇಡಲೂ ಜಾಗವಿಲ್ಲ. ಪ್ಲೈವುಡ್ ಪೆಟ್ಟಿಗೆಯದು ಹಾಗಲ್ಲ, ಪ್ರತಿ ವೈರೂ ಕೈಗೆ ಸಿಗುತ್ತದೆ. ಆದ್ದರಿಂದ ಮುಚ್ಚಳ ಹಾಕುವ ಮೊದಲು ಇನ್ನೊಂದು ಕೆಲಸ ಉಳಿದಿದೆ: ಹೊಸ ನಕ್ಷೆ ಬರೆದು, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಬಂತೆಂದು ನಮೂದಿಸಿ, ಗ್ರೌಂಡಿನ ವೈರುಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ಕೆಂಪು ಶಾಯಿಯಲ್ಲಿ ಗುರುತಿಸಿ ಒಳಬದಿಗೆ ಅಂಟಿಸುವುದು. ಮುಂದೆ ಇದನ್ನು ಬಿಚ್ಚುವವರು ಯಾರೇ ಆಗಲಿ, ವೈರು ಹಿಡಿದು ಹುಡುಕುವ ಬದಲು ಓದಿ ಶುರುಮಾಡಬಹುದು.